ಖಾಸಗಿ ಕಿಟಕಿಯನ್ನು ನಂಬಿ ತಂಗಿಗೆ ಕೊಟ್ಟ ಮಾತು

ಮೊದಲು ಬೆಲೆ ಹೇಳಿಬಿಡುತ್ತೇನೆ, ವ್ಯಾಪಾರಿಗೆ ಅದೇ ರೂಢಿ. ಕಂಪ್ಯೂಟರಿನ ಬಗ್ಗೆ ನಾನು ಕಲಿತ ಒಂದೇ ಒಂದು ಸಂಗತಿಗೆ ನನ್ನ ತಂಗಿಯ ನಂಬಿಕೆಯನ್ನು ತೆತ್ತಿದ್ದೇನೆ. ಬ್ರೌಸರಿನಲ್ಲಿ ‘ಇನ್‌ಕಾಗ್ನಿಟೊ’ ಎನ್ನುವ ಖಾಸಗಿ ಕಿಟಕಿ ತೆರೆದು ನೋಡಿದ್ದು ಯಾರಿಗೂ ತಿಳಿಯದು ಎಂದುಕೊಂಡಿದ್ದೆ. ಅದನ್ನು ನಂಬಿ ಅವಳಿಗೆ ಮಾತು ಕೊಟ್ಟೆ. ಇದಕ್ಕಿಂತ ತುಟ್ಟಿಯಾದದ್ದನ್ನು ನಾನು ಈವರೆಗೆ ಕೊಂಡಿಲ್ಲ.

ತಿಕೋಟಾದಲ್ಲಿ ನಮ್ಮಪ್ಪ ಎತ್ತಿನ ದಲಾಲಿ ಮಾಡುತ್ತಿದ್ದ. ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುವುದು ಪದ್ಧತಿ. ಸುತ್ತ ಎಷ್ಟು ಜನ ನಿಂತಿದ್ದರೂ ದರ ಆ ಇಬ್ಬರಿಗಷ್ಟೇ ಗೊತ್ತು. ನಾನೂ ತಂಗಿಯೂ ಅವ್ವನ ಸೆರಗಿನ ಕೆಳಗೆ ಕೈ ಹಾಕಿ ಇದೇ ಆಟ ಆಡುತ್ತಿದ್ದೆವು. ಸಂತೆಯಲ್ಲಿ ಇಲ್ಲದ ಒಂದು ಗುರುತನ್ನು ಅವಳು ಸೇರಿಸಿಕೊಂಡಿದ್ದಳು: ಕಿರುಬೆರಳನ್ನು ಎರಡು ಸಲ ಒತ್ತಿದರೆ ‘ಯಾರಿಗೂ ಹೇಳಬ್ಯಾಡ’ ಎಂದರ್ಥ. ಡಬ್ಬಿಯ ಬೆಲ್ಲ ಖಾಲಿಯಾದ ದಿನಗಳಲ್ಲಿ ನನ್ನ ಕಿರುಬೆರಳು ನೋಯುತ್ತಿತ್ತು.

ಅಪ್ಪನಿಂದ ಕಲಿತ ಚೌಕಾಸಿಯ ಬಲದ ಮೇಲೆಯೇ ಎತ್ತು ಬಿಟ್ಟು ಒಣದ್ರಾಕ್ಷಿ ಹಿಡಿದೆ, ವಿಜಯಪುರದ ಗಾಂಧಿ ಚೌಕದ ಗಲ್ಲಿಯಲ್ಲಿ ಅಂಗಡಿ ಇಟ್ಟೆ. ಸ್ಟೇಷನ್ ರಸ್ತೆಯಲ್ಲಿ ಗುದ್ದಾಡಿ ದರ ಇಳಿಸಿ ಹಳೆಯ ಕಂಪ್ಯೂಟರ್ ತಂದೆ. ಯಾವ ಕಾಲದ್ದೋ ಪರದೆ, ಮೊದಲು ಅದನ್ನು ಇಟ್ಟುಕೊಂಡಿದ್ದ ಪ್ರೆಸ್ಸಿನವರು ತುಂಬಿಸಿದ್ದ ಥರಥರದ ಕನ್ನಡ ಅಕ್ಷರದ ಫಾಂಟ್‌ಗಳು. ಅದರ ಮೇಲೆ, ಪುಕ್ಕಟೆ ಸಿಗುತ್ತವೆಂದು ಬ್ರೌಸರಿಗೆ ನಾನೇ ಅಂಟಿಸಿದ್ದ ಹತ್ತಾರು ಎಕ್ಸ್‌ಟೆನ್ಷನ್‌ಗಳು. ಇಂಥ ಯಂತ್ರ ಊರಲ್ಲಿ ಇನ್ನೊಂದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ತಂಗಿಯನ್ನು ಬಬಲೇಶ್ವರಕ್ಕೆ ಕೊಟ್ಟಿತ್ತು. ಅವಳ ಮಗಳಿಗೆ ತಿಕೋಟಾ ಕಡೆಯ ಸಂಬಂಧವೊಂದು ಕೂಡಿಬಂದಿತ್ತು. ಆಗ ಒಂದು ಮಧ್ಯಾಹ್ನ ಅವಳು ಒಬ್ಬಳೇ ಅಂಗಡಿಗೆ ಬಂದಳು.

“ಅಣ್ಣಾ, ಎದ್ಯಾಗ ಗಂಟ ಆಗೇತಿ. ಡಾಕ್ಟರ್ ಕ್ಯಾನ್ಸರ್ ಅಂದಾರ. ಎಲ್ಲಿ ತೋರಸಬೇಕು, ಏನೇನ ಮಾಡ್ತಾರ, ನೋಡಿ ಹೇಳು. ಆದ್ರ ಹುಡುಗಿ ಲಗ್ನ ಆಗೂತನಕ ಹೊರಗ ಗೊತ್ತಾಗಬಾರದು.”

“ಹುಚ್ಚಿ, ನಿಮ್ಮಣ್ಣ ಯಾವತ್ತರ ದರ ಹೊರಗ ಬಿಟ್ಟಾನೇನು?”

“ದರ ಅಲ್ಲೋ ಇದು. ನನ್ನ ಮಗಳ ಬಾಳೇ.”

ಅವಳ ಎದುರಿಗೇ ಖಾಸಗಿ ಕಿಟಕಿ ತೆರೆದೆ. “ನೋಡಬೇ, ಇದು ಟವೆಲ್ ಇದ್ದಂಗ. ಏನ್ ನೋಡಿದ್ರೂ ಯಾರಿಗೂ ತಿಳ್ಯಾಂಗಿಲ್ಲ” ಎಂದೆ. ಸೊಲ್ಲಾಪುರದ ಆಸ್ಪತ್ರೆಗಳು, ಶಸ್ತ್ರಚಿಕಿತ್ಸೆ, ಆಮೇಲೆ ತೊಡುವ ಒಳ ಉಡುಪು, ಕೂದಲು ಉದುರಿದರೆ ಹಾಕಿಕೊಳ್ಳುವ ವಿಗ್, ಎಲ್ಲ ನೋಡಿದೆವು. ಕಿಟಕಿ ಮುಚ್ಚಿ, ಉಳಿದ ಹಿಸ್ಟರಿಯನ್ನೂ ಅಳಿಸಿದೆ. ಹೊರಡುವಾಗ ಅವಳು ನನ್ನ ಕಿರುಬೆರಳನ್ನು ಎರಡು ಸಲ ಒತ್ತಿದಳು.

ಕೆಲವು ದಿನಗಳಲ್ಲಿ ಹುಡುಗನ ತಂದೆ ಅಂಗಡಿಗೆ ಬಂದರು. ನನ್ನ ಹೆಂಡತಿಯೂ ಅಲ್ಲಿದ್ದಳು. ಅಥಣಿ ರಸ್ತೆಯ ಕಲ್ಯಾಣ ಮಂಟಪಗಳ ಫೋಟೊ ನೋಡಲು ಮೂವರೂ ಪರದೆಯ ಮುಂದೆ ಕುಳಿತೆವು. ಮಂಟಪದ ಪಕ್ಕದಲ್ಲೇ ಜಾಹೀರಾತು ಬಂತು: ಎದೆಯ ಶಸ್ತ್ರಚಿಕಿತ್ಸೆಯಾದ ಹೆಂಗಸರಿಗೆ ಒಳ ಉಡುಪು. ಗಡಿಬಿಡಿಯಲ್ಲಿ ಬೇರೆ ಪುಟ ತೆರೆದೆ. ಅಲ್ಲಿ ವಿಗ್, ಅದರ ಕೆಳಗೆ ಕ್ಯಾನ್ಸರ್ ಆಸ್ಪತ್ರೆ.

“ಸಾವಕಾರ್ರ, ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?” ಎಂದರು ಅವರು.

ಏನೂ ಅರಿಯದ ನನ್ನ ಹೆಂಡತಿ ನಕ್ಕಳು. “ನನ್ನ ನೋಡಿದ್ರ ಹಂಗ ಕಾಣ್ತೈತೇನ್ರಿ ಬೀಗರ? ಗುಂಡಕಲ್ಲ ಇದ್ದಂಗ ಅದೀನಿ.”

ಅವರು ನಗಲಿಲ್ಲ. “ಹಂಗಾರ ಹುಡುಗಿ ಅವ್ವಾರು ಮೊನ್ನೆ ಯಾಕ ಅಷ್ಟ ಸೊರಗಿದ್ರು?”

ಯಾವ ಚೌಕಾಸಿಯಲ್ಲೂ ಏನನ್ನೂ ಬಿಟ್ಟುಕೊಡದ ನಾನು ಅಂದು ಅವರ ಕಣ್ಣು ತಪ್ಪಿಸಿ ಪರದೆ ಆರಿಸಿಬಿಟ್ಟೆ. ಎತ್ತಿನ ನಡಿಗೆ ನೋಡಿ ಅದರ ಬೇನೆ ಹೇಳುವ ಮನುಷ್ಯ ಅವರು, ಅವರಿಗೆ ಅಷ್ಟು ಸಾಕಾಯಿತು. “ಅವ್ವಗ ಆಗಿದ್ದು ಮಗಳಿಗೂ ಬರತೈತಿ ಅಂತಾರ್ರಿ” ಎಂದವರೇ ಚಹಾ ಮುಟ್ಟದೆ ಎದ್ದರು. ಸಂಬಂಧ ಮುರಿಯಿತು.

ನಾನು ಬಬಲೇಶ್ವರಕ್ಕೆ ಓಡಿದೆ. “ನಾ ಹೇಳಿಲ್ಲಬೇ, ಕಂಪ್ಯೂಟರಿನಾಗ ತಾನ ಬಂತು” ಎಂದೆ.

“ಕಂಪ್ಯೂಟರಿಗೆ ಬಾಯಿ ಐತೇನೋ ಅಣ್ಣಾ? ಯಾರಿಗೂ ತಿಳ್ಯಾಂಗಿಲ್ಲ ಅಂದಾಂವ ನೀನ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ತಾಟು ಹಾಕಿ ರೊಟ್ಟಿ ಬಡಿಸಿ, “ಊಟ ಮಾಡ್ರಿ” ಎಂದಳು. ಹುಟ್ಟಿದಾಗಿನಿಂದ ‘ಏನೋ’ ‘ಬಾರೋ’ ಎಂದವಳು ನನಗೆ ‘ರಿ’ ಹಚ್ಚಿದ್ದು ಅದೇ ಮೊದಲು. ಸೊಲ್ಲಾಪುರಕ್ಕೆ ಗಂಡನ ಜೊತೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು, ನನ್ನನ್ನು ಕರೆಯಲಿಲ್ಲ. ಮುಂದೆ ಮಗಳು ಬೇರೆ ಒಳ್ಳೆಯ ಮನೆ ಸೇರಿದಳು. ಆ ಲಗ್ನದಲ್ಲಿ ಸೋದರಮಾವನ ಶಾಸ್ತ್ರಕ್ಕೂ ನನ್ನನ್ನು “ಬರ್ರಿ” ಎಂದೇ ಕರೆದಳು.

ನಡೆದದ್ದೇನೆಂದು ನನಗೆ ಬಿಡಿಸಿ ಹೇಳಿದ್ದು, ದ್ರಾಕ್ಷಿ ಒಯ್ಯಲು ಬರುವ ಕಾಲೇಜಿನ ಕಂಪ್ಯೂಟರ್ ಮೇಡಮ್. “ಕಾಕಾ, ಖಾಸಗಿ ಕಿಟಕಿ ಅದೇ ಮಷೀನ್ ಬಳಸೂ ಮನಿ ಮಂದಿಯಿಂದ ಮುಚ್ಚತೈತಿ, ವೆಬ್‌ಸೈಟಿನವರಿಂದ ಅಲ್ರಿ. ಪರದಿ ಅಳತಿ, ಒಳಗಿನ ಅಕ್ಷರ, ಭಾಷಾ, ಗಡಿಯಾರ, ಎಲ್ಲಾ ಕೂಡಿಸಿ ಇದು ಅದೇ ಮಷೀನ್ ಅಂತ ಗುರುತ ಹಿಡೀತಾರ. ಬ್ರೌಸರ್ ಫಿಂಗರ್‌ಪ್ರಿಂಟ್ ಅಂತಾರ ಇದಕ್ಕ.”

“ಕೋಡು, ಬೆನ್ನ ಮ್ಯಾಲಿನ ಇಣಿ, ಮೈಮ್ಯಾಲಿನ ಮಚ್ಚಿ ನೋಡಿ ಎತ್ತ ಗುರುತ ಹಿಡಿದಂಗ?”

“ಹಂಗ ನೋಡ್ರಿ. ಅದರಾಗ ಆ ಥರಥರದ ಅಕ್ಷರ, ಎಕ್ಸ್‌ಟೆನ್ಷನ್ ಹೇರಕೊಂಡು ನಿಮ್ಮ ಎತ್ತು ಕೋಡಿಗೆ ಬಣ್ಣ ಬಳಕೊಂಡು, ಕೊರಳಿಗೆ ಗೆಜ್ಜಿ ಕಟಗೊಂಡು ನಿಂತಂಗ ನಿಂತೈತಿ.” ಇಂಟರ್ನೆಟ್ ಲೈನಿನ ವಿಳಾಸವೂ ಸುಳಿವು ಕೊಟ್ಟಿರಬಹುದು, ಯಾವುದು ಎಷ್ಟೆಂದು ಖಚಿತವಾಗಿ ಹೇಳಲಾಗದು ಎಂದೂ ಅಂದರು.

ಈ ಮಾತನ್ನು ತಂಗಿಗೆ ಮುಟ್ಟಿಸಲು ಮತ್ತೆ ಬಬಲೇಶ್ವರದ ಬಸ್ ಹತ್ತಿದೆ. ಬಾಗಿಲಲ್ಲೇ ಅವಳ ಗಂಡ ನಿಂತಿದ್ದರು. ಬೇನೆ ತಿರುಗಿ ಬಂದು ತಿಂಗಳುಗಳೇ ಕಳೆದಿದ್ದವು. “ನಿಮಗ ಮಾತ್ರ ಹೇಳಬ್ಯಾಡ ಅಂದಿದ್ಲರಿ” ಎಂದು ಅವರು ಮುಖ ತಿರುವಿದರು.

ಹಾಸಿಗೆಯ ಪಕ್ಕ ಕುಳಿತು ಪರದೆ, ಅಕ್ಷರ, ಎತ್ತು, ಗೆಜ್ಜೆ ಎಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. “ಅಷ್ಟೆಲ್ಲಾ ನೋಡ್ತಾವೇನೋ ಅವು?” ಎಂದಳು.

‘ರಿ’ ಹೋಗಿ ಮತ್ತೆ ‘ಏನೋ’ ಬಂದಿತ್ತು.

“ಹುಡುಗಿ ಬಸರಿ ಅದಾಳ. ನಾಳೆ ಬರ್ತಾಳ. ನನಗ ಎಷ್ಟ ನೋವೈತಿ ಅಂತ...” ಮಾತು ಮುಗಿಸಲಿಲ್ಲ. ಚಾದರದ ಕೆಳಗೆ ನನ್ನ ಕೈ ಹುಡುಕಿ ಕಿರುಬೆರಳನ್ನು ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಆ ಕೈಯಲ್ಲಿ ಕಸುವೇ ಇರಲಿಲ್ಲ.

ಆ ಗುಟ್ಟನ್ನು ಕಾಪಾಡಿದೆ. ಯಾವ ಪರದೆಯಲ್ಲೂ ಏನನ್ನೂ ಹುಡುಕಲಿಲ್ಲ. ಮೊಮ್ಮಗುವಿನ ಮುಖ ನೋಡುವ ಮೊದಲೇ ಅವಳು ಹೋದಳು. ಈಗ ಮಗಳಿಗೆ ಎಲ್ಲ ಗೊತ್ತು, ಅವಳು ಒಪ್ಪಿದ ಮೇಲೆಯೇ ಇದನ್ನು ಬರೆದಿದ್ದೇನೆ.

ಓದುವವರಿಗೆ ನನ್ನದೊಂದು ಮಾತು. ಮೈಯ ಬೇನೆ, ಮನೆಯ ಗುಟ್ಟು ಇಂಥವನ್ನು ಅಂಗಡಿಯ, ಆಫೀಸಿನ, ಹತ್ತು ಜನ ಮುಟ್ಟುವ ಯಂತ್ರದಲ್ಲಿ ಹುಡುಕಬೇಡಿ. ಸ್ವಂತ ಫೋನು, ಸ್ವಂತ ಡೇಟಾ ಬಳಸಿ, ಯಾವ ಖಾತೆಗೂ ಲಾಗಿನ್ ಆಗದೆ ನೋಡಿ. ಫಿಂಗರ್‌ಪ್ರಿಂಟ್ ತಡೆಯುವ ಸೌಲಭ್ಯ ಇರುವ ಬ್ರೌಸರ್ ಆರಿಸಿ ಅದನ್ನು ಆನ್ ಮಾಡಿ, ಆಮೇಲೆ ಅದಕ್ಕೆ ಸಿಂಗಾರ ಮಾಡಲು ಹೋಗಬೇಡಿ. ಎಲ್ಲರ ಬ್ರೌಸರಿನಂತೆ ಸಾದಾ ಇದ್ದಷ್ಟೂ ಗುಂಪಿನಲ್ಲಿ ಕರಗುತ್ತದೆ. ಪುಕ್ಕಟೆ ಸಿಕ್ಕ ಎಕ್ಸ್‌ಟೆನ್ಷನ್‌ಗಳನ್ನು ಕಿತ್ತುಹಾಕಿ, ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ನಿಮಗೆಂದೇ ಆರಿಸಿದ ಜಾಹೀರಾತು ಬೇಡವೆನ್ನಿ. ಇಷ್ಟು ಮಾಡಿದರೂ ಪೂರ್ತಿ ಮುಚ್ಚುವ ಟವೆಲ್ ಅಲ್ಲ ಅದು, ಹಾಗಾಗಿ ಯಂತ್ರದ ಪರವಾಗಿ ಯಾರಿಗೂ ಆಣೆ ಮಾಡಬೇಡಿ. ಮತ್ತೆ, ಇವತ್ತೇ ನಿಮ್ಮ ತಂಗಿಯ ಫೋನು ತೆಗೆದುಕೊಂಡು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಮಾಡಿಕೊಡಿ. ಅವಳು ಇನ್ನೂ ‘ಏನೋ’ ಎನ್ನುತ್ತಿರುವಾಗಲೇ.