ಕೊನೆಯ ಹದಿನಾರು ಪುಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಂಥಾಲಯದ ಹಿಂಬದಿಯ ಪುಟ್ಟ ಕೋಣೆಯಲ್ಲಿ ಹಿಟ್ಟಿನ ಅಂಟು ಕುದಿಯುತ್ತಿದೆ. ಅದಕ್ಕೆ ಚಿಟಿಕೆ ಮೈಲುತುತ್ತು ಹಾಕಿ ತಿರುವುತ್ತಿರುವವರು ಅಂಟಕ್ಕ. ಗ್ರಂಥಾಲಯಕ್ಕೆ ಬರುವ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಕರೆಯುವುದು ಹಾಗೆಯೇ. ಮೈಲುತುತ್ತು ಯಾಕೆ ಎಂದರೆ ನಗುತ್ತಾರೆ. 'ಇದನ್ನ ಹಾಕದಿದ್ರೆ ನಮಗಿಂತ ಮುಂಚೆ ಹುಳಗಳೇ ಎಲ್ಲಾ ಕಾದಂಬರಿ ಮುಗಿಸಿಬಿಡ್ತವೆ.'

ಹರಿದ ಪುಸ್ತಕಗಳಿಗೆ ಬೈಂಡ್ ಹಾಕುವುದು ಅವರ ಕೆಲಸ. ಓದುಗರು ಬರುವ ಮುಂಚೆಯೇ ಅದನ್ನು ಮುಗಿಸಬೇಕು. ಅವರು ಬಂದರೆ ಫ್ಯಾನ್ ಹಾಕಬೇಕು, ಫ್ಯಾನ್ ಹಾಕಿದರೆ ಬಿಚ್ಚಿಟ್ಟ ಹಾಳೆಗಳೆಲ್ಲ ದಿಕ್ಕಾಪಾಲು. ಹಳೆಯ ದಾರ ಕತ್ತರಿಸಿ, ಹಾಳೆಗಳನ್ನು ಬಿಡಿಸಿ, ದಬ್ಬಣದಿಂದ ತೂತು ಹಾಕಿ, ಮೇಣ ಹಚ್ಚಿದ ದಾರದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಹಾಕಿ ಒತ್ತಿಡುತ್ತಾರೆ. ದಿನಕ್ಕೆ ಎಂಟು ಪುಸ್ತಕ, ಬೆನ್ನುನೋವು ಕೈಬಿಟ್ಟ ದಿನ ಹತ್ತು.

'ಕಾನೂನಿನ ಪುಸ್ತಕಗಳು ಮದುಮಗನ ಹಾಗೆ ನೆಟ್ಟಗೆ ನಿಂತಿರ್ತವೆ. ಹರಿದು ಬರೋದೆಲ್ಲ ಹೆಂಗಸರು ಓದೋ ಪುಸ್ತಕ. ಒಂದು ಕೈಲಿ ಸೌಟು, ಇನ್ನೊಂದು ಕೈಲಿ ಕಥೆ. ಹರಿಯದೆ ಇನ್ನೇನಾಗುತ್ತೆ ಹೇಳಿ?'

ಎರಡು ಜಡೆಯ ಹುಡುಗಿಯಾಗಿದ್ದಾಗಲೇ ಅವರು ಅಮ್ಮನ ಜೊತೆ ಒಂದು ಬೈಂಡಿಂಗ್ ಅಂಗಡಿಗೆ ಕೆಲಸಕ್ಕೆ ಹೋದವರು. ಹೆಂಗಸರು ಹಾಳೆ ಮಡಿಸಬೇಕು, ಗಂಡಸರು ಹೊಲಿಯಬೇಕು ಎಂಬುದು ಅಲ್ಲಿನ ಕಾನೂನು. ದಬ್ಬಣ ಮುಟ್ಟಿದರೆ ಮಾಲೀಕರು 'ಕೈ ಚುಚ್ಚಿಕೊಂಡೀಯಮ್ಮ' ಎಂದು ಕಸಿದುಕೊಳ್ಳುತ್ತಿದ್ದರು. ಮನೆಮಂದಿಯ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದದ್ದು ಅದೇ ಕೈ. ಆಗ ಚುಚ್ಚಿದರೆ ಕೇಳುವವರು ಯಾರೂ ಇರಲಿಲ್ಲ.

'ಒಂದು ದೊಡ್ಡ ಹಾಳೆ ಮಡಿಸಿದ್ರೆ ಹದಿನಾರು ಪುಟ. ಅದಕ್ಕೆ ಫಾರಂ ಅಂತೀವಿ. ನನ್ನ ಪಾಲಿಗೆ ಯಾವ ಫಾರಂ ಬರುತ್ತೋ ಅದನ್ನೇ ಓದ್ತಿದ್ದೆ. ಒಬ್ಬಳು ಅಳ್ತಿರ್ತಾಳೆ, ಯಾಕೆ ಅಂತ ಗೊತ್ತಿಲ್ಲ. ಇನ್ನೊಬ್ಬಳು ಮನೆ ಬಿಟ್ಟು ಹೊರಡ್ತಾಳೆ, ಎಲ್ಲಿಗೆ ಅಂತ ಗೊತ್ತಿಲ್ಲ. ಹಿಂದೂ ಇಲ್ಲ, ಮುಂದೂ ಇಲ್ಲ. ನನ್ನ ಕಥೆನೂ ಹಾಗೇ ಇತ್ತು ಅನ್ನಿ.'

ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು. ಗಂಡ ಕಾಯಿಲೆ ಬಿದ್ದು ಹಾಸಿಗೆ ಹಿಡಿದ ವರ್ಷವೇ ಆ ಅಂಗಡಿಯೂ ಮುಚ್ಚಿತು. ಆಗ ಕರೆದು ಕೆಲಸ ಕೊಟ್ಟವರು ಈ ಗ್ರಂಥಾಲಯದ ಆಗಿನ ಮುಖ್ಯಸ್ಥೆ. ಅಂಟಕ್ಕನ ಪಾಲಿಗೆ ಅವರು ಇಂದಿಗೂ ಬರೀ 'ಮೇಡಂ'. ಹೊಲಿಯೋಕೆ ಬರುತ್ತಾ ಎಂದು ಅವರು ಕೇಳಿದ್ದಕ್ಕೆ ಇವರು 'ನೋಡಿ ಗೊತ್ತು' ಎಂದರಂತೆ. 'ಹಾಗಾದ್ರೆ ಈಗ ಮಾಡಿ ತಿಳ್ಕೊಳ್ಳಿ' ಎಂದು ಮೇಡಂ ದಬ್ಬಣ ಕೈಗಿಟ್ಟರಂತೆ. ಮನೆಯಲ್ಲಿ ಮಾತ್ರ ಅತ್ತೆ, 'ಹರಿದ ಪುಸ್ತಕ ಹೊಲಿದು ಯಾರನ್ನ ಉದ್ಧಾರ ಮಾಡ್ತೀಯೋ' ಎಂದು ಮೂಗು ಮುರಿದರು. ಅದೇ ಅತ್ತೆಗೆ ಈಗ ಸೊಸೆ ದಿನವೂ ಒಂದಿಷ್ಟು ಕಥೆ ಓದಿ ಹೇಳದಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಮೇಜಿಗೆ ಒಂದು ಹಳೆಯ ಕಾದಂಬರಿ ಬಂತು. ಗಂಡನ ಮನೆಯಲ್ಲಿ ಇದ್ದೂ ಇಲ್ಲದಂತೆ ಬದುಕುವ ಸೊಸೆಯೊಬ್ಬಳ ಕಥೆ. ಬರೆದವರೂ ಹೆಂಗಸೇ, ಈಗ ಅವರನ್ನು ಯಾರೂ ನೆನೆಯುವುದಿಲ್ಲ. ಅಂಟಕ್ಕ ಅದನ್ನು ಬಿಚ್ಚಿ, ಹೊಲಿದು, ಹಸಿರು ಬಟ್ಟೆಯ ಬೆನ್ನು ಹಾಕಿ ಕಪಾಟಿಗೆ ಕಳಿಸಿದರು. ಅದರ ಕೊನೆಯಲ್ಲಿ ಸೊಸೆ ಕೈಲಿದ್ದ ಕೊಡವನ್ನು ಕೆಳಗಿಟ್ಟು, ಹಿತ್ತಲ ಬಾಗಿಲು ದಾಟಿ, ರಸ್ತೆಗೆ ಬಂದು ಬಿಸಿಲಿನಲ್ಲಿ ನಿಲ್ಲುತ್ತಾಳೆ. ಅಲ್ಲಿಗೆ ಮುಗಿಯಿತು.

ಆ ಪುಸ್ತಕ ಕಪಾಟಿನಲ್ಲಿ ನಿಂತದ್ದೇ ಕಡಿಮೆ. ಒಬ್ಬರಿಂದ ಒಬ್ಬರಿಗೆ ಕೈದಾಟುತ್ತಲೇ ಇತ್ತು. ಆಮೇಲೆ ಆ ಸೊಸೆ ಎಲ್ಲಿಗೆ ಹೋದಳು ಎಂಬುದೇ ಹೆಂಗಸರ ನಡುವೆ ದೊಡ್ಡ ಚರ್ಚೆ. ತಂಗಿಯ ಮನೆಗೆ ಎಂದರು ಒಬ್ಬರು, ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು ಎಂದರು ಇನ್ನೊಬ್ಬರು. ಎದುರು ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವಾಕೆಯಂತೂ ಅದನ್ನು ಮತ್ತೆ ಮತ್ತೆ ಕೇಳಿ ಒಯ್ಯುತ್ತಿದ್ದರು.

ಹೀಗೇ ವರ್ಷಗಳು ಕಳೆದ ಮೇಲೆ ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ತೋಟಗಾರಿಕೆ ಪುಸ್ತಕ ಹಿಡಿದು ದುಮುಗುಡುತ್ತ ಬಂದರು. 'ಏನ್ರೀ ಇದು? ಗುಲಾಬಿ ಕಸಿ ಮಾಡೋದು ಹೇಗೆ ಅಂತ ಓದ್ತಿದ್ದೆ. ಪುಟ ತಿರುಗಿಸಿದ್ರೆ ಯಾವಳೋ ಕೆರೆಗೆ ಹಾರಿದ್ದಾಳೆ.'

ಅಂಟಕ್ಕ ಪುಸ್ತಕ ಇಸಿದುಕೊಂಡು ಆ ಪುಟ ನೋಡಿದರು. ಎರಡೂ ಪುಸ್ತಕಗಳನ್ನು ಬಿಚ್ಚಿದ್ದು ಒಂದೇ ದಿನ. ಒಂದೇ ಅಳತೆ, ಒಂದೇ ಥರ ಹಳದಿಗಟ್ಟಿದ ಕಾಗದ. ಕಾದಂಬರಿಯ ಕೊನೆಯ ಫಾರಂ ಗುಲಾಬಿಯ ಬೆನ್ನಿಗೆ ಹೊಲಿಗೆ ಬಿದ್ದಿತ್ತು. 'ಹಿಂದಿನ ಫಾರಂ ಸರಿಯಾಗಿ ಪೂರ್ಣವಿರಾಮಕ್ಕೆ ಮುಗಿದಿತ್ತು ನೋಡಿ. ಅರ್ಧ ಸಾಲಿಗೆ ನಿಂತಿದ್ರೆ ಆವತ್ತೇ ಸಿಕ್ಕಿಬೀಳ್ತಿದ್ದೆ.'

ಆ ಪುಟಗಳನ್ನು ಹೊಲಿದರೆ ಬಿಸಿಲಿನಲ್ಲಿ ನಿಂತಿರುವ ಸೊಸೆ ಸಾಯುತ್ತಾಳೆ. ಹೊಲಿಯದೆ ಬಚ್ಚಿಟ್ಟರೆ ತಾನು ಕಳ್ಳಿಯಾಗುತ್ತೇನೆ. ಅಂಟಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೆಲಸ ಹೋದರೂ ಹೋಗಲಿ ಎಂದು ಮೇಡಂ ಮುಂದೆ ಎಲ್ಲ ಹೇಳಿಕೊಂಡರು. ಮೇಡಂ ಬೈಯಲಿಲ್ಲ. 'ಹೊಲಿದವರು ನೀವು. ಏನು ಮಾಡಬೇಕು ಅಂತ ನೀವೇ ಯೋಚನೆ ಮಾಡಿ. ನಾನು ಬೇಡ ಅನ್ನಲ್ಲ' ಎಂದರು. 'ನಾನೇ ತೀರ್ಮಾನ ಮಾಡಬೇಕು ಅಂತ ನನಗೆ ಹೇಳಿದೋರು ಅವರೇ ಮೊದಲು. ಮದುವೆನೂ ನನ್ನ ಕೇಳಿ ಆಗಿದ್ದಲ್ಲ' ಎನ್ನುತ್ತಾರೆ ಅಂಟಕ್ಕ.

ಅವರು ಆ ಹದಿನಾರು ಪುಟ ಹಿಡಿದು ನೇರ ಇಸ್ತ್ರಿ ಅಂಗಡಿಗೆ ಹೋದರು. ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ತನ್ನಿಂದಲೇ ತಿಳಿಯಲಿ ಎಂದು. ಮುಂದೇನಾಯಿತೆಂದು ನನಗೆ ಹೇಳಿದವರು ಇಸ್ತ್ರಿಯಾಕೆಯೇ.

'ಪೆಟ್ಟಿಗೆ ಪಕ್ಕಕ್ಕಿಟ್ಟು ನಿಂತುಕೊಂಡೇ ಓದಿದೆ. ಆ ಪುಸ್ತಕ ಮೊದಲ ಸಲ ಓದಿದಾಗ ನನಗೂ ಬದುಕು ಸಾಕಾಗಿತ್ತು. ಅವಳು ಹೊರಗೆ ಬಂದು ನಿಂತಳಲ್ಲ, ನಾನೂ ಬಂದು ನಿಂತುಬಿಟ್ಟೆ. ಅಷ್ಟೇ ನಾನು ಮಾಡಿದ್ದು. ಅಂಗಡಿ ಗಿಂಗಡಿ ಎಲ್ಲ ಆಮೇಲೆ. ಈ ಪುಟ ಆವತ್ತೇ ಸಿಕ್ಕಿದ್ದರೆ ಏನಾಗ್ತಿತ್ತೋ.' ಮಡಿಸಿದ ಅಂಗಿಯ ಕಾಲರನ್ನು ಬೆರಳಿನಿಂದ ಒಮ್ಮೆ ನೇವರಿಸಿ ಮುಂದುವರಿಸುತ್ತಾರೆ. 'ಪಾಪ, ಅವಳಿಗೆ ಪುಟ ಕಳೆದುಹಾಕೋರು ಯಾರೂ ಇರಲಿಲ್ಲ. ನನಗೆ ನಮ್ಮ ಅಂಟಕ್ಕ ಇದ್ದರು.'

ಅಂದು ಅಂಗಡಿಯಲ್ಲಿ ಇಬ್ಬರೂ ಅತ್ತರಂತೆ. ಇಸ್ತ್ರಿಗೆ ಬಂದಿದ್ದ ಯಾರದೋ ಕರವಸ್ತ್ರಗಳೇ ಕಣ್ಣೊರೆಸಲು ಒದಗಿದವು.

ಮಾರನೆಯ ದಿನ ಅಂಟಕ್ಕ ಕೊನೆಯ ಫಾರಂ ಅನ್ನು ಅದರ ಜಾಗಕ್ಕೇ ಸೇರಿಸಿ ಹೊಲಿದರು. 'ಬರೆದವಳೂ ಹೆಂಗಸೇ ಅಲ್ವಾ? ಅವಳ ಕಾಲದಲ್ಲಿ ಅವಳಿಗೆ ಅಷ್ಟೇ ಕಂಡಿತೇನೋ. ಅವಳ ಮಾತನ್ನ ಅರ್ಧಕ್ಕೆ ನಿಲ್ಲಿಸೋಕೆ ನಾನ್ಯಾರು? ನಮ್ಮ ಮಾತು ಅರ್ಧಕ್ಕೆ ನಿಲ್ಲಿಸೋರು ಮನೆ ತುಂಬಾ ಇದ್ರು.' ಆದರೆ ಅಲ್ಲಿಗೇ ಮುಗಿಸಿ ದಾರ ಕತ್ತರಿಸಲು ಮನಸ್ಸು ಬರಲಿಲ್ಲ. ಅದೇ ಅಳತೆಯ ಖಾಲಿ ಹಾಳೆಯೊಂದನ್ನು ಹದಿನಾರು ಪುಟಕ್ಕೆ ಮಡಿಸಿ ಅದರ ಹಿಂದೆ ಸೇರಿಸಿದರು.

ಖಾಲಿ ಪುಟ ಯಾಕೆಂದು ಯಾರೂ ಕೇಳಲಿಲ್ಲ. ಓದಿದ ಹೆಂಗಸರು ತಮ್ಮಷ್ಟಕ್ಕೆ ತಾವೇ ಬರೆಯತೊಡಗಿದರು. 'ಅವಳು ನಮ್ಮ ಮನೆಗೆ ಬಂದಿದ್ದಾಳೆ, ಕಾಳಜಿ ಬೇಡ' ಎಂದಿದೆ ಒಂದು ಪುಟದಲ್ಲಿ. 'ನಾನು ಈಜು ಕಲಿತೆ' ಎಂದಿದೆ ಮತ್ತೊಂದರಲ್ಲಿ. ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದು ಎಂಬ ಫಲಕ ಗೋಡೆಯ ಮೇಲೆ ಈಗಲೂ ಇದೆ. ಈ ಒಂದು ಪುಸ್ತಕದ ಮಟ್ಟಿಗೆ ಅದನ್ನು ಯಾರೂ ಓದುವುದಿಲ್ಲ.

ನಾನು ಬಂದಿರುವ ಈ ಬೆಳಿಗ್ಗೆ ಅದೇ ಹಸಿರು ಬೆನ್ನಿನ ಪುಸ್ತಕ ಅವರ ಮೇಜಿನ ಮೇಲಿದೆ. ಖಾಲಿ ಫಾರಂ ತುಂಬಿಹೋಗಿದೆ, ಇನ್ನೊಂದನ್ನು ಸೇರಿಸಬೇಕು. ನಾನು ಓದಿ ಬೆಳೆದ ಎಷ್ಟೋ ಪುಸ್ತಕಗಳ ಬೆನ್ನು ನೆಟ್ಟಗಿಟ್ಟದ್ದು ಇದೇ ಕೈ ಎಂದು ಈಗಷ್ಟೇ ತಿಳಿದ ನಾನು ಥ್ಯಾಂಕ್ಸ್ ಎನ್ನುತ್ತೇನೆ. ಅವರಿಗೆ ಅದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತಿಲ್ಲ, ಅಂಟು ಆರುತ್ತಿದೆ.

ನೀವೇನೂ ಬರೆದಿಲ್ಲವೇ ಎಂದು ಕೇಳುತ್ತೇನೆ. ಸ್ವಲ್ಪ ನಾಚಿಕೊಂಡು, ಸೆರಗಿನಿಂದ ಕೈ ಒರೆಸಿಕೊಂಡು, ತುಂಬಿದ ಫಾರಂನ ಮೊದಲ ಪುಟ ತೆರೆದು ತೋರಿಸುತ್ತಾರೆ. ದಾರದ ಪಕ್ಕದಲ್ಲೇ ಗುಂಡು ಗುಂಡಾದ ಅಕ್ಷರಗಳಲ್ಲಿ ಎರಡು ಸಾಲು:

'ಈ ಪುಸ್ತಕ ಹೊಲಿದವಳು ನಾನು. ತಪ್ಪಾಗಿ ಹೊಲಿದವಳೂ ನಾನೇ.'