ಊದುಬತ್ತಿ ಹಚ್ಚಿ ಗಾಳಿ ನೋಡುತ್ತಿದ್ದ ಡ್ರಿಲ್ ಮೇಷ್ಟ್ರು

ನಮ್ಮ ಡ್ರಿಲ್ ಮೇಷ್ಟ್ರ ಬಲಗೈಯ ಎರಡು ಬೆರಳ ತುದಿ ಯಾವಾಗಲೂ ಸುಟ್ಟು ಕಪ್ಪಾಗಿರುತ್ತಿತ್ತು. ಬೀಡಿ ಚಟ ಅಂತ ಅರ್ಧ ತರೀಕೆರೆ ನಂಬಿತ್ತು. ಆ ಮನುಷ್ಯ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಅದು ಊದುಬತ್ತಿಯ ಕೆಂಡವನ್ನು ಹೊಸಕಿ ಹೊಸಕಿ ಬಿದ್ದ ಕಲೆ. ಒಂದು ಕಡ್ಡಿಯನ್ನು ನಾಲ್ಕು ದಿನ ಬಳಸುವರು. ಉಳಿದ ತುಂಡು ಅಂಗಿ ಜೇಬಿಗೆ.

ಬೆಳಗ್ಗೆ ಶಾಲೆ ಮೈದಾನದ ಮೂಲೆಯಲ್ಲಿ ಆ ಕಡ್ಡಿ ನೆಟ್ಟು ಹಚ್ಚುತ್ತಿದ್ದರು. ಹೊಗೆ ಎದ್ದು ಒಂದು ಕಡೆಗೆ ಓಡಿದರೆ ನಮಗೂ ಓಟ. ಸೊಂಟದೆತ್ತರಕ್ಕೆ ಏರಿ ಅಲ್ಲೇ ಹಾಸಿಗೆಯಂತೆ ಹರಡಿಕೊಂಡರೆ ಓಟ ಇಲ್ಲ, ಎಲ್ಲರೂ ಕೂರಬೇಕು. ನಾನು ಓದುವಾಗ ವರ್ಷಕ್ಕೆ ನಾಲ್ಕಾರು ದಿನ ಕೂತಿರಬಹುದು. ನಿವೃತ್ತರಾದ ಮೇಲೂ ಅವರು ಕಡ್ಡಿ ಬಿಡಲಿಲ್ಲ. ಹೊಸದಾಗಿ ಬಂದ ಪಿ.ಟಿ. ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಅವರೇ ಕೇಳಲು ಶುರುಮಾಡಿದರು: "ಸಾರ್, ಇವತ್ತು ಓಡಿಸ್ಲಾ, ಕೂರಿಸ್ಲಾ?"

ನಮ್ಮೂರಿನವರಿಗೆ ಒಂದು ಜಂಭ. ಮಲೆನಾಡಿನ ಬಾಗಿಲಲ್ಲಿದ್ದೀವಿ, ನಮ್ಮದು ಶುದ್ಧ ಹವಾ ಅಂತ. ಇದನ್ನು ಕೇಳಿದರೆ ಮೇಷ್ಟ್ರಿಗೆ ಉರಿಯುತ್ತಿತ್ತು.

"ಯಾವ್ ತಿಂಗ್ಳ ಹವಾ ಅಂತ ಹೇಳೋ ಮೊದ್ಲು. ಆಷಾಢದಾಗೆ ಗುಡ್ಡದ್ ಕಡೆ ಗಾಳಿ ಬಂದು ಎಲ್ಲಾ ಗುಡಿಸ್ಕೊಂಡ್ ಹೋಗ್ತದೆ, ಸರಿ. ಕಾರ್ತೀಕ ಕಳೀಲಿ, ಮೂಡಗಾಳಿ ಶುರು. ಪಡುವ್ಲಿಗೆ ಗುಡ್ಡ ಗೋಡೆ ಇದ್ದಂಗೈತೆ. ಬೆಳಗ್ಗೆ ಹೊತ್ತು ಮೇಲಿಂದ ಚಳಿ ಮುಚ್ಚಳ ಹಾಕ್ತದೆ. ಹೊಗೆ ಎಲ್ಲಿಗ್ ಹೋಗ್ಬೇಕು ಹೇಳು? ನಾನು ಅಜ್ಜಂಪುರದಾಗೂ ಕೆಲ್ಸ ಮಾಡಿದೀನಿ ಕಣಯ್ಯಾ. ಅಲ್ಲಿ ಬಯ್ಲು. ಧೂಳು ಬತ್ತದೆ, ಹೋಗ್ತದೆ. ಇಲ್ಲಿ ಬಂದಿದ್ದು ಹೋಗಾಕಿಲ್ಲ, ನಿಮ್ಮನೆ ನೆಂಟ್ರಂಗೆ."

ಆ ಚಳಿ ಮುಚ್ಚಳ ಬೀಳುವ ತಿಂಗಳುಗಳಲ್ಲೇ ನಮ್ಮ ಅಡಿಕೆ ಸುಲಿತ. ಮೊದಲು ಕತ್ತಿಯಲ್ಲಿ ಸುಲಿಯುತ್ತಿದ್ದರು, ಸಿಪ್ಪೆ ಅಲ್ಲಲ್ಲೇ ಕರಗುತ್ತಿತ್ತು. ಮೆಷಿನ್ ಬಂತು, ಸಿಪ್ಪೆ ಗುಡ್ಡೆಯಾಯಿತು, ಗುಡ್ಡೆ ರಸ್ತೆ ಬದಿಗೆ ಬಂತು, ರಸ್ತೆ ಬದಿಯಲ್ಲಿ ಬೆಂಕಿ. ಮೈದಾನದ ಪಕ್ಕದಲ್ಲೇ ನನ್ನ ಸುಲಿಯುವ ಶೆಡ್ಡು. ಬೇರೆಯವರ ಮೇಲೆ ಹೇಳಿ ತಪ್ಪಿಸಿಕೊಳ್ಳುವುದಿಲ್ಲ, ನಾನೂ ಹಚ್ಚಿದವನೇ. ಅದೂ ಎಲ್ಲರ ಹಾಗೆ ಸಂಜೆ, ಗಾಳಿ ನಿಂತ ಮೇಲೆ. ಒಂದು ಸಂಜೆ ಮೇಷ್ಟ್ರು ಬಂದು ನಿಂತರು.

"ಈಗ್ಯಾಕೋ ಹಚ್ತೀಯಾ?"

"ಗಾಳಿ ಇಲ್ದಾಗ ಹಚ್ಚಿದ್ರೆ ಸೇಫು ಮೇಷ್ಟ್ರೇ. ಕಿಡಿ ಹಾರಲ್ಲ, ಪಕ್ಕದ್ ತೋಟಕ್ಕೆ ಏನೂ ಆಗಲ್ಲ."

"ತೋಟ ಉಳೀತು. ಊರು? ಹಸಿ ಸಿಪ್ಪೆ ಕಣೋ, ವಾರಗಟ್ಲೆ ಒಳಗೇ ಹೊಗೆಯಾಡ್ತದೆ. ಹಚ್ಚಲೇಬ್ಯಾಡ. ಒಂದ್ ಗುಂಡಿ ತೆಗ್ಸು, ಸಗಣಿ ನೀರು ಹುಯ್ಯಿ, ಗೊಬ್ರ ಆಗ್ತದೆ."

"ಆಯ್ತು ಮೇಷ್ಟ್ರೇ" ಅಂದೆ. ಅವರು ಬೆನ್ನು ತಿರುಗಿಸಿದ ಮೇಲೆ ಬೆಂಕಿಕಡ್ಡಿ ಗೀರಿದೆ. ಮುಂದಿನ ವರ್ಷವೂ ಅಷ್ಟೇ. ಅವರು ಪುರಸಭೆಗೆ ಅರ್ಜಿ ಕೊಟ್ಟರು. ಅಲ್ಲಿ "ನೋಡೋಣ" ಅಂದರು. ಹೋಟೆಲಿನಲ್ಲಿ ಜನ ಮೇಷ್ಟ್ರನ್ನು ಕಂಡರೆ "ಏನ್ ಸಾರ್, ಇವತ್ತು ಪೂಜೆ ಆಯ್ತಾ?" ಅಂತ ಕಿಚಾಯಿಸುತ್ತಿದ್ದರು. ಕಿಚಾಯಿಸುತ್ತಿದ್ದವರೂ ಕೆಮ್ಮುತ್ತಿದ್ದರು. ಕೇಳಿದರೆ, "ಇಬ್ಬನಿ ಕಣ್ರೀ, ಶೀತ."

ಮೇಷ್ಟ್ರಿಗೆ ಉಬ್ಬಸ ಶುರುವಾಗಿ, ಮೈದಾನ ಒಂದು ಸುತ್ತು ನಡೆಯಲು ಮೂರು ಕಡೆ ಕೂರುವಂತಾಯಿತು. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ನೋಡಿದರು, ಆ ಕಪ್ಪು ಬೆರಳು ನೋಡಿದರು.

"ದಿನಕ್ಕೆ ಎಷ್ಟು ಬೀಡಿ ಯಜಮಾನ್ರೇ?"

ಮೇಷ್ಟ್ರು ನಕ್ಕರು. ನಗುವಿನ ಅರ್ಧಕ್ಕೇ ಕೆಮ್ಮು ಬಂತು. "ನಾನ್ ಸೇದಿಲ್ಲ ಸಾರ್. ಊರವ್ರೆಲ್ಲಾ ಸೇರಿ ಸೇದಿಸಿದ್ರು."

ನನ್ನ ಕಡೆ ತಿರುಗಲಿಲ್ಲ. ತಿರುಗಿ ಒಂದು ಮಾತು ಬೈದಿದ್ದರೆ ನಿರಾಳವಾಗುತ್ತಿತ್ತು. ವಾಪಸ್ ಬರುವಾಗ ಆಟೋದಲ್ಲಿ, ಉಸಿರು ಎಳೆದುಕೊಳ್ಳುತ್ತಾ ಕೇಳಿದ್ದು ಇಷ್ಟೇ: "ಈ ಸಲ ಗುಂಡಿ ತೆಗ್ಸಿದ್ಯೇನೋ?"

ಮಾರನೇ ದಿನವೇ ಜೆಸಿಬಿ ಕರೆಸಿದೆ. ಅವತ್ತು ಅರ್ಧ ದಿನದ ಕೆಲಸ, ಅಷ್ಟೇ. ಅಷ್ಟಕ್ಕೆ ಅವರನ್ನು ಎಷ್ಟು ವರ್ಷ ಕಾಯಿಸಿದೆ! ಮಾಘದಲ್ಲಿ ಮೇಷ್ಟ್ರು ಹೋದರು. ಶ್ರದ್ಧಾಂಜಲಿ ಸಭೆಯಲ್ಲಿ ಭಾಷಣ ಮಾಡಿದವರಲ್ಲಿ ಮೂವರ ಸಿಪ್ಪೆ ಗುಡ್ಡೆ ಅವತ್ತೂ ಹೊಗೆಯಾಡುತ್ತಿತ್ತು. ಪರಿಸರ ಪ್ರೇಮಿ ಅಂದರು, ಕೂತರು, ಕರ್ಚೀಫು ತೆಗೆದು ಮೂಗು ಮುಚ್ಚಿಕೊಂಡರು.

ಈಗ ಕಡ್ಡಿ ಹಚ್ಚುವವನು ನಾನು. ಈ ಚಳಿಗಾಲದಲ್ಲಿ ಮಕ್ಕಳು ಓಡಿದ್ದಕ್ಕಿಂತ ಕೂತಿದ್ದೇ ಹೆಚ್ಚು. ಹೋದ ವಾರವೂ ಹೊಗೆ ಹಾಸಿಗೆ ಹಾಸಿತ್ತು, ಮಕ್ಕಳು ಸ್ವೆಟರ್ ಎಳೆದುಕೊಂಡು ಸಾಲಾಗಿ ಕೂತಿದ್ದವು. ಬೇಲಿಯಾಚೆ ಉರಿಯುತ್ತಿದ್ದದ್ದು ನನ್ನ ಹೆಂಡತಿಯ ತಮ್ಮನ ಗುಡ್ಡೆ. ಹೋಗಿ ಕೇಳಿದೆ.

"ಸಂಜೆ ಗಾಳಿ ಇಲ್ದಾಗ ಹಚ್ಚಿದ್ದು ಭಾವ. ಸೇಫು."

ಏನಂತ ಬುದ್ಧಿ ಹೇಳಲಿ? ನನ್ನದೇ ಮಾತು. ಗುದ್ದಲಿಯಿಂದ ಗುಡ್ಡೆ ಕೆದಕಿ, ಶೆಡ್ಡಿನ ಪೈಪು ಎಳೆದು, ಒಳಗಿನ ಕೆಂಡ ಆರುವವರೆಗೂ ನೀರು ಬಿಟ್ಟೆ. ಅವನು ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಬಿಡಲಿ. ಇದನ್ನು ಓದಿ ಇನ್ನೂ ನಾಲ್ಕು ಜನ ಮಾತು ಬಿಡಲಿ. ಪೈಪು ಉದ್ದ ಇದೆ.