ಗಂಗವ್ವನಿಗೆ ಕೇಳಿಸಿದ ಆಣೆಕಲ್ಲು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೊತ್ತು ತಂದವರಿಗೆ ‘ಕಿವಿಗೆ ಹೂ ಇಡಬೇಡ, ನಡಿ’ ಎಂದು ಹೇಳಿ ಕಳಿಸುತ್ತಿದ್ದವನು ನಾನು. ರಾಣೆಬೆನ್ನೂರಿನಲ್ಲಿ ಪಂಪಿನ ಮೋಟಾರು ರಿಪೇರಿ ನನ್ನ ಕೆಲಸ. ಸುಟ್ಟಿದ್ದು ವೈಂಡಿಂಗೋ, ಹೋಗಿದ್ದು ಬೇರಿಂಗೋ, ಬಿಚ್ಚಿ ನೋಡಿದರೆ ಕಾರಣ ಸಿಕ್ಕೇ ಸಿಗುತ್ತದೆ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಎಷ್ಟು ಜನರ ಮುಂದೆ ಜೋರು ಮಾಡಿದ್ದೇನೋ! ನೀವು ನಗುವುದಾದರೆ ನಗಿ, ಕೆಲವು ವರ್ಷಗಳ ಹಿಂದೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನನ್ನ ಅಕ್ಕ ಶಾಂತಕ್ಕನನ್ನು ಕೊಟ್ಟ ಊರು ಕದರಮಂಡಲಗಿಯ ಆಚೆ, ಕೆರೆ ದಂಡೆಯ ಮೇಲಿದೆ. ಶಿವರಾತ್ರಿ ಮುಗಿಯುವ ಹೊತ್ತಿಗೆ ಊರಿನವರ ಮೆಣಸಿನಕಾಯಿಯೆಲ್ಲ ಕೆರೆ ಪಕ್ಕದ ಕಣಗಳಲ್ಲಿ ಒಣಗುತ್ತಿರುತ್ತದೆ. ಆ ದಿನಗಳ ಹವೆಯನ್ನು ನಂಬುವ ಹಾಗಿಲ್ಲ. ಬೆಳಗ್ಗೆ ನೀರಿನ ಮೇಲೆ ಮಂಜು, ಮಧ್ಯಾಹ್ನ ತಲೆ ಸುಡುವ ಬಿಸಿಲು, ಸಂಜೆಗೆ ಎತ್ತಲಿಂದಲೋ ಗಾಳಿ. ಆ ವರ್ಷ ಅಕ್ಕನ ಎರಡು ಎಕರೆಯ ಕಾಯಿ ಒಣಗಿ ಗರಿಗರಿಯಾಗಿತ್ತು. ಅದನ್ನು ಮಾರಿ ಮಗಳು ಕಾವ್ಯಾಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಬೇಕೆಂದು ಗಟ್ಟಿ ಮಾಡಿಕೊಂಡಿದ್ದಳು. ಮರುದಿನ ಚೀಲ ತುಂಬಿ ಬ್ಯಾಡಗಿಗೆ ಒಯ್ಯುವುದಿತ್ತು. ಕೈಜೋಡಿಸಲು ನಾನು ಹೋಗಿದ್ದೆ.

ಚೀಲ ತುಂಬುವುದಕ್ಕೂ ಒಂದು ಪದ್ಧತಿ ಇದೆ. ಗರಿಗರಿ ಕಾಯಿಯನ್ನು ಹಾಗೇ ತುಳಿದು ತುಂಬಿದರೆ ಮುರಿದು ಪುಡಿಯಾಗುತ್ತದೆ. ಅದಕ್ಕೇ ಅಕ್ಕನ ಮನೆಯಲ್ಲಿ ಹಿಂದಿನ ರಾತ್ರಿ ಕಣದಲ್ಲಿ ತೆರೆದೇ ಬಿಡುತ್ತಾರೆ. ಇಬ್ಬನಿ ಕುಡಿದು ಕಾಯಿ ಮೆತ್ತಗಾದ ಮೇಲೆ ಬೆಳಗಿನ ಜಾವ ತುಂಬುತ್ತಾರೆ.

ಮಧ್ಯಾಹ್ನ ಮೂರರ ಸುಮಾರಿಗೆ ಅಕ್ಕನ ಅತ್ತೆ ಗಂಗವ್ವ ಮನೆಯೊಳಗಿಂದ ದಡಬಡ ಹೊರಗೆ ಬಂದಳು. ಆಕೆಯ ಎರಡೂ ಕಿವಿ ಹೋಗಿ ಹತ್ತು ವರ್ಷವಾಗಿತ್ತು. ಬಗಲಲ್ಲಿ ಪಟಾಕಿ ಹಾರಿಸಿದರೂ ತಿರುಗಿ ನೋಡುತ್ತಿರಲಿಲ್ಲ. ನಾವೆಲ್ಲ ಕೈಸನ್ನೆಯಲ್ಲೇ ಮಾತಾಡಿಸುತ್ತಿದ್ದೆವು. ಅಂಥವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಿಂತಿದ್ದಳು.

“ಆಣಿಕಲ್ಲ ಬೀಳಾಕತ್ತಾವು. ತಗಡಿನ ಮ್ಯಾಲೆ ಏನ್ ಸಪ್ಪಳ ಐತಿ ಅದು. ಲಗೂ ಕಾಯಿ ಮುಚ್ಚರಿ.”

ಆಕಾಶದಲ್ಲಿ ಬೊಗಸೆಯಷ್ಟೂ ಮೋಡವಿರಲಿಲ್ಲ. ಅರಳು ಮರಳು ಎಂದುಕೊಂಡು ನಗುತ್ತಲೇ ಕೆರೆ ಏರಿಯ ಅಂಗಡಿಗೆ ಚಹಾ ಕುಡಿಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಸೊಸೆ ಸೇರಿ ಅರ್ಧ ಕಣದ ಕಾಯಿ ರಾಶಿ ಮಾಡಿ, ಮೇಲೆ ತಾಡಪತ್ರಿ ಎಳೆದು, ಅಂಚಿಗೆ ಕಲ್ಲು ಹೇರಿದ್ದರು. ನನಗೆ ರೇಗಿತು. ಇಬ್ಬನಿ ಬೀಳದಿದ್ದರೆ ನಾಳೆ ಬ್ಯಾಡಗಿಗೆ ಕಾಯಿಯಲ್ಲ, ಪುಡಿ ಒಯ್ಯಬೇಕಾಗುತ್ತದೆ ಎಂದು ಅಕ್ಕನನ್ನು ಬೈದೆ. ಮುದುಕಿಯ ಸಮಾಧಾನಕ್ಕೆ ಮಾಡಿದೆ ಎಂದು ಅಕ್ಕ ಮೆಲ್ಲಗೆ ಅಂದಳು. ಗಂಗವ್ವನ ಕೈಯಲ್ಲಿದ್ದ ಎರಡನೇ ತಾಡಪತ್ರಿಯನ್ನು ನಾನೇ ಕಸಿದು ಮಡಚಿಟ್ಟೆ. ಆಕೆ ಒಳಗೆ ಹೋಗಿ ಮಲಗಿದಳು.

ಐದೂವರೆಗೆ ಕೆರೆಯ ಆಚೆ ದಂಡೆ ಕಪ್ಪಾಯಿತು. ಮಡಚಿಟ್ಟ ತಾಡಪತ್ರಿಯನ್ನು ನಾನು ಬಿಚ್ಚುವುದರೊಳಗೆ ಆಣೆಕಲ್ಲು ಬಿದ್ದವು, ಮೊದಲು ಅಡಿಕೆ ಗಾತ್ರದವು, ಆಮೇಲೆ ನಿಂಬೆಹಣ್ಣಿನಷ್ಟು. ತಲೆಗೆ ಪೆಟ್ಟು ತಿಂದು ನಾನೂ ಅಕ್ಕನೂ ಮನೆಯೊಳಗೆ ಓಡಿದೆವು. ತಗಡಿನ ಮೇಲಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಅದೇ ತಗಡಿನ ಕೆಳಗೆ ಗಂಗವ್ವ ಗೋಡೆಗೆ ಮುಖ ಮಾಡಿ ನಿದ್ದೆ ಹೋಗಿದ್ದಳು. ಆ ಸದ್ದಿನ ಚೂರೂ ಆಕೆಗೆ ಮುಟ್ಟಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆಣೆಕಲ್ಲಿಗಿಂತ ಆ ನಿದ್ದೆಗೇ ನಾನು ಹೆಚ್ಚು ಹೆದರಿದೆ.

ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಕೆರೆ ಸುತ್ತಲಿನ ಕಣಗಳಲ್ಲಿ ಅಕ್ಕ ಮುಚ್ಚಿದ್ದ ಆ ಅರ್ಧ ಬಿಟ್ಟರೆ ಏನೂ ಉಳಿಯಲಿಲ್ಲ. ನಾನು ಮುಚ್ಚಗೊಡದ ಅರ್ಧ ನೀರಲ್ಲಿ ತೊಯ್ದು, ವಾರದೊಳಗೆ ಬೂಷ್ಟು ಹಿಡಿಯಿತು. ಕಾವ್ಯಾ ಆ ವರ್ಷ ಕಾಲೇಜಿಗೆ ಸೇರಲಿಲ್ಲ. ಮುಂದಿನ ವರ್ಷ ಹೋದರಾಯಿತು ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಆ ಹುಡುಗಿಯ ಮುಖ ನೋಡಲು ನನಗೆ ಆಗಲಿಲ್ಲ.

ಹಾವೇರಿಯಲ್ಲಿ ಕಿವಿ ಡಾಕ್ಟರೊಬ್ಬರನ್ನು ಕೇಳಿದೆ. ಕಿವುಡರಿಗೂ ಒಮ್ಮೊಮ್ಮೆ ಕಿವಿಯೊಳಗೆ ಸದ್ದು ಹುಟ್ಟುತ್ತದೆ ಎಂದರು. ಇರಬಹುದು. ಹುಟ್ಟಿದ್ದು ಆಣೆಕಲ್ಲಿನ ಸದ್ದೇ ಏಕೆ, ಅದೂ ಅದೇ ದಿನ ಏಕೆ ಎಂದರೆ ಅವರು ನಕ್ಕು ಮುಂದಿನ ರೋಗಿಯನ್ನು ಕರೆದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆಣೆಕಲ್ಲು ಬಿದ್ದ ಆ ಸಂಜೆ, ಮಳೆ ನಿಂತ ಮೇಲೆ ಗಂಗವ್ವ ಎದ್ದು ಬಾಗಿಲಿಗೆ ಬಂದಳು. ಅಂಗಳವೆಲ್ಲ ಬೆಳ್ಳಗಿತ್ತು. ಆಕೆ ಕಣದ ಕಡೆ ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಆಕೆ ಬೈಯಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದಳು.

“ಅಷ್ಟು ಸಪ್ಪಳ ಇತ್ತಲ್ಲೋ ತಮ್ಮಾ, ನಿನಗ ಕೇಳಲಿಲ್ಲೇನು?”